ಬಚ್ಚಲ ಗೋಡೆ ಒಣಗುವ ತನಕ

ತುಂಗಭದ್ರೆಯ ದಂಡೆಯ ಒಂದು ಆಶ್ರಮದಲ್ಲಿ ಪಂಪಣ್ಣನೆಂಬ ಶಿಷ್ಯನಿದ್ದ. ಹೆಂಡತಿ ತೀರಿಕೊಂಡ ವರ್ಷವೇ ಬಂದು ಸೇರಿದವನು. ಒಂದು ಗಳಿಗೆ ಸುಮ್ಮನೆ ಕೂರುತ್ತಿರಲಿಲ್ಲ.

ಬಂದ ಹೊಸದರಲ್ಲಿ ಅವನಿಗೆ ಊಟವೇ ಸೇರುತ್ತಿರಲಿಲ್ಲ. ಅಡುಗೆಯ ಶಿವಗಂಗವ್ವ ರೊಟ್ಟಿಯನ್ನು ಅವನ ಬಾಗಿಲಲ್ಲಿಟ್ಟು, ಏನೂ ಕೇಳದೆ ಹೋಗುತ್ತಿದ್ದಳು. ಈಗ ಅವಳಿಗೇ ನಡೆಯಲಾಗದು. ಹತ್ತಿರವಾಗಲೆಂದು ಬಚ್ಚಲಿನ ಪಕ್ಕದ ಕೋಣೆಯಲ್ಲಿ ಮಲಗಿಸಿದ್ದರು.

ಬಚ್ಚಲಿನಲ್ಲಿ ಗೋಡೆಯೂ ನೆಲವೂ ಕೂಡುವ ಸಂದಿಗೆ ಹಿಂದೆ ಯಾರೋ ನೀರು ಇಳಿಯದಂತೆ ಸಿಲಿಕಾನ್ ಅಂಟು ತುಂಬಿದ್ದರು. ಅದು ಕಪ್ಪಾಗಿ, ಬಿರುಕು ಬಿಟ್ಟು, ನೀರು ಅವಳ ಕೋಣೆಗೆ ಜಿನುಗತೊಡಗಿತು.

ಗುರುಗಳು ಊರಲ್ಲಿರಲಿಲ್ಲ. ಪಂಪಣ್ಣ ಪೇಟೆಗೆ ಹೋಗಿ ಒಂದು ಟ್ಯೂಬ್ ಹೊಸ ಸಿಲಿಕಾನ್ ತಂದು, ಹಳೆಯದರ ಮೇಲೆಯೇ ಹಚ್ಚಿದ. ಬೆಳ್ಳಗೆ ಕಂಡಿತು. ಶಿವಗಂಗವ್ವನನ್ನು ಎತ್ತಿಕೊಂಡು ಹೋಗಿ ತೋರಿಸಿದ.

ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ಅವಳ ಕೌದಿ ಮಡಿಸಲು ಹೋದರೆ ಅವನ ಕೈ ಒದ್ದೆಯಾಯಿತು. ಗೋಡೆಯ ಕಡೆಯ ಅರ್ಧ ಕೌದಿ ತೊಯ್ದಿತ್ತು.

“ಯಾಕ ಹೇಳ್ಲಿಲ್ಲ ಯವ್ವಾ?”

“ಅಷ್ಟು ಖುಷಿಲೆ ಮಾಡಿದ್ದಿ ತಮ್ಮಾ. ಹೆಂಗ ಹೇಳ್ಲಿ?”

ಗುರುಗಳು ಆಗ ತಾನೇ ಮರಳಿದ್ದರು. ಪಂಪಣ್ಣ ಅವರ ಮುಂದೆ ಹೋಗಿ ನಿಂತ.

“ಇನ್ನೊಂದು ಟ್ಯೂಬ್ ತರುತ್ತೇನೆ ಗುರುಗಳೇ. ಈ ಸಲ ದಪ್ಪಗೆ ಹಚ್ಚುತ್ತೇನೆ.”

ಗುರುಗಳು ಬಚ್ಚಲಿಗೆ ಬಂದು ಕುಕ್ಕರಗಾಲಲ್ಲಿ ಕೂತರು. ಹೊಸ ಸಿಲಿಕಾನಿನ ತುದಿಯನ್ನು ಉಗುರಿನಿಂದ ಎತ್ತಿ ಎಳೆದರು. ಅದು ದಾರದ ಹಾಗೆ ಉದ್ದಕ್ಕೂ ಕಿತ್ತು ಬಂತು.

“ಇದು ಯಾವುದಕ್ಕೆ ಅಂಟಿತ್ತು?”

“ಹಳೆಯದಕ್ಕೆ.”

“ಹಳೆಯದು?”

ಪಂಪಣ್ಣ ಅದನ್ನೂ ಎತ್ತಿ ನೋಡಿದ. ಅಡಿಯಲ್ಲಿ ಸೋಪಿನ ಜಿಡ್ಡು, ಕಪ್ಪು ಬೂಸ್ಟು.

“ಯಾವುದಕ್ಕೂ ಅಂಟಿಲ್ಲ.”

ಗುರುಗಳು ಅವನ ಕೈಗೊಂದು ಚಾಕು ಕೊಟ್ಟು, ತಾವೂ ಒಂದು ಹಿಡಿದರು. ಇಬ್ಬರೂ ಹಳೆಯದನ್ನೆಲ್ಲ ಕೆರೆದು ತೆಗೆದರು. ಬೂಸ್ಟನ್ನು ಉಜ್ಜಿ ತೊಳೆದರು. ಸ್ಪಿರಿಟ್ ಅದ್ದಿದ ಬಟ್ಟೆಯಿಂದ, ಬಟ್ಟೆಗೆ ಕೊಳೆ ಹತ್ತುವುದು ನಿಲ್ಲುವ ತನಕ, ಒರೆಸಿದರು.

“ಈಗ ಹಚ್ಚಲೇ?”

ಗುರುಗಳು ಅವನ ಬೆರಳು ಹಿಡಿದು ಸಂದಿಯ ಮೇಲಿಟ್ಟರು. ತಣ್ಣಗಿತ್ತು.

“ಒಳಗಿನ್ನೂ ನೀರಿದೆ.”

“ಒಣಗಿಸಲು ಏನು ಮಾಡಲಿ?”

“ಕಿಟಕಿ ತೆರೆ. ಆಮೇಲೆ ಏನೂ ಮಾಡಬೇಡ.”

ಬಚ್ಚಲಿಗೆ ಬೀಗ ಬಿತ್ತು. ಗುರುಗಳು ಶಿವಗಂಗವ್ವನಿಗೆ ತಮ್ಮ ಕೋಣೆ ಬಿಟ್ಟುಕೊಟ್ಟು ಜಗಲಿಯಲ್ಲಿ ಚಾಪೆ ಹಾಸಿಕೊಂಡರು.

“ನನ್ನ ತಪ್ಪಿಗೆ ನೀವು ಹೊರಗೆ ಮಲಗುವುದೇ?”

“ಇಲ್ಲಿ ನದಿ ಚೆನ್ನಾಗಿ ಕೇಳಿಸುತ್ತದೆ. ನಿನಗೂ ಈಗ ಕೆಲಸವಿಲ್ಲ. ಅವಳ ಹತ್ತಿರ ಇರು.”

ಪಂಪಣ್ಣ ಅಂಗಳದ ಒಲೆಯಲ್ಲಿ ನೀರು ಕಾಯಿಸಿ ಅವಳ ಕಾಲು ತೊಳೆದ. ಬಿಸಿಲಲ್ಲಿ ಕೂರಿಸಿ, ತಲೆಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ ಬಾಚಿದ. ದಿನವೂ ಹೀಗೇ ನಡೆಯಿತು.

ಒಂದು ದಿನ ಅವಳು ಕೇಳಿದಳು.

“ಒಂದೀಟೂ ನೋವಾಗದಂಗ ಬಾಚ್ತಿ. ಎಲ್ಲಿ ಕಲ್ತಿ?”

ಅವನ ಕೈ ನಿಂತಿತು.

“ಮನ್ಯಾಗ. ಕಡೀಕಡೀಕ ಆಕಿಗೆ ಕೈ ಎತ್ತಾಕ ಆಗ್ತಿರಲಿಲ್ಲ.”

“ಆಕಿ ಹೆಸರೇನ?”

ಆಶ್ರಮಕ್ಕೆ ಬಂದ ಮೇಲೆ ಆ ಹೆಸರನ್ನು ಅವನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

“ನೀಲಮ್ಮ” ಎಂದ. ಮತ್ತೊಮ್ಮೆ ಹೇಳಿದ, “ನೀಲಮ್ಮ.”

ಮುದುಕಿ ಹಿಂದಕ್ಕೆ ಕೈ ಚಾಚಿ ಅವನ ಮೊಣಕೈ ಹಿಡಿದುಕೊಂಡಳು. ಪಂಪಣ್ಣ ಅವಳ ಹೆಗಲಿಗೆ ಹಣೆ ಹಚ್ಚಿ ಅತ್ತ.

ಆಮೇಲೆ ನಾಚಿಕೆಯಾಗಿ ಎದ್ದ. ತಂದಿಟ್ಟಿದ್ದ ಹೊಸ ಟ್ಯೂಬ್ ಎತ್ತಿಕೊಂಡು ಸರಸರನೆ ಬಚ್ಚಲಿಗೆ ನಡೆದ. ಬೀಗ ತೆಗೆದಿತ್ತು. ಗುರುಗಳು ಒಳಗೆ ಕೂತು ಸಂದಿಯ ಉದ್ದಕ್ಕೂ ಬೆರಳಾಡಿಸಿ ನೋಡುತ್ತಿದ್ದರು.

“ಇವತ್ತು ಹಚ್ಚಲೇ ಗುರುಗಳೇ?” ಎಂದ ಪಂಪಣ್ಣ, ತೋಳಿನಿಂದ ಮುಖ ಒರೆಸಿಕೊಳ್ಳುತ್ತ.

ಗುರುಗಳು ಅವನನ್ನು ನೋಡಿದರು. ಕೈ ಚಾಚಿ ಟ್ಯೂಬನ್ನು ತಾವೇ ತೆಗೆದುಕೊಂಡರು.

“ಗೋಡೆ ಒಣಗಿದೆ, ನಾನು ಹಚ್ಚುತ್ತೇನೆ. ನೀನು ಹೋಗಿ ಇನ್ನೂ ಸ್ವಲ್ಪ ಅತ್ತು ಬಾ.”