ಅಳುವ ತಂತಿ

ಹೊಳೆಗೆ ಅಡ್ಡಲಾಗಿ ಕಬ್ಬಿಣದ ತಂತಿ ಕಟ್ಟಿದವನು ಗವಿಯಪ್ಪ, ಮಠದ ಅಜ್ಜನ ಶಿಷ್ಯ. ಹೋದ ಮಳೆಗಾಲದಲ್ಲಿ ಹರಿಗೋಲು ಮಗುಚಿ ಅವನ ಅಕ್ಕ ನಡುನೀರಿನಲ್ಲೇ ಹೋಗಿಬಿಟ್ಟಿದ್ದಳು. ಇನ್ನೊಬ್ಬರಿಗೆ ಆ ಗತಿ ಬಾರದಿರಲಿ, ಹರಿಗೋಲಿನವರು ತಂತಿ ಹಿಡಿದುಕೊಂಡು ದಾಟಲಿ ಅಂತ ಅವನ ಆಸೆ.

ಕಟ್ಟಿದ್ದೇ ತಡ, ಗಾಳಿ ಬೀಸಿದಾಗಲೆಲ್ಲ ತಂತಿ ಅಳತೊಡಗಿತು. ಊಂ ಅಂತ, ಥೇಟ್ ಹೆಣ್ಣುಮಗಳು ಅತ್ತ ಹಾಗೆ.

ಊರ ಬಾಯಿಗೆ ಬೀಗ ಉಂಟೇ? ಸತ್ತವಳೇ ತಂತಿ ಹಿಡಿದು ಅಳುತ್ತಿದ್ದಾಳೆ ಅಂದರು. ಹರಿಗೋಲು ಹತ್ತುವವರೇ ಇಲ್ಲವಾದರು. ಊರಗೌಡ ದ್ಯಾವನಗೌಡ "ನಾಳೆ ಮಧ್ಯಾಹ್ನ ತಂತಿ ಕಡಸ್ತೀನಿ" ಅಂದುಬಿಟ್ಟ.

ಗವಿಯಪ್ಪ ತಂತಿ ಬಿಗಿ ಮಾಡಿದ. ಅತ್ತಿತು. ಸಡಿಲ ಬಿಟ್ಟ. ಅತ್ತಿತು. ಎಣ್ಣೆ ಸವರಿದ. ಎಣ್ಣೆ ದಂಡವಾಯಿತು.

ಮರುದಿನ ಬೆಳಿಗ್ಗೆ ಅಜ್ಜನ ಮುಂದೆ ಕೂತ.

"ಅಜ್ಜಾರ, ಅದು ನಮ್ಮಕ್ಕನ ಏನ್ರೀ?"

"ಬಾ, ಹೊಳಿಗೆ ಹೋಗೂಣು."

ದಂಡೆಯಲ್ಲಿ ಅಜ್ಜ ಕೈಯಲ್ಲಿದ್ದ ಕೋಲನ್ನು ಗಾಳಿಯಲ್ಲಿ ಬೀಸಿದರು. ಸುಂಯ್ ಅಂತು.

"ಈ ಕೋಲಿನ್ಯಾಗ ಯಾರ ದೆವ್ವ ಐತಿ?"

"ಯಾರದೂ ಇಲ್ರೀ."

"ಮತ್ತ ಕೂಗಿದ್ದು ಯಾರು?"

ಅಜ್ಜ ಅದೇ ಕೋಲನ್ನು ಹರಿಯುವ ನೀರಿನಲ್ಲಿ ನೆಟ್ಟರು. ಆಮೇಲೆ ಬಂಡೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚತೊಡಗಿದರು.

ಗವಿಯಪ್ಪ ಬಗ್ಗಿ ನೋಡಿದ. ಕೋಲಿನ ಹಿಂದೆ ನೀರು ಸುಳಿ ಕಟ್ಟುತ್ತಿತ್ತು. ಎಡಕ್ಕೊಂದು, ಬಲಕ್ಕೊಂದು, ಮತ್ತೆ ಎಡಕ್ಕೊಂದು. ಇಬ್ಬರು ಹೆಂಗಸರು ಒಂದೇ ಒರಳಿಗೆ ಒನಕೆ ಹಾಕಿದ ಹಾಗೆ, ಸರದಿ ತಪ್ಪುತ್ತಲೇ ಇರಲಿಲ್ಲ.

"ಅಜ್ಜಾರ, ಗಾಳಿನೂ ತಂತಿ ಹಿಂದ ಹಿಂಗ ಸುಳಿ ಕಟ್ಟತೈತಿ. ಮ್ಯಾಲೊಂದು, ಕೆಳಗೊಂದು. ಆ ಸುಳಿ ಸರದಿ ಮ್ಯಾಲೆ ಗಾಳೀನ ಅಲುಗಿಸ್ತಾವ. ಕೂಗು ಅಲ್ಲಿಂದ ಬರತೈತಿ. ಅಕ್ಕ ಅಲ್ಲ."

"ತಿಳೀತಲ್ಲ. ಹೋಗಿ ಗೌಡಗ ಹೇಳು."

"ಹೇಳಿದರ ನಂಬ್ತಾರೇನ್ರೀ?"

"ಎಲ್ಲಿ ನಂಬ್ತಾರ. ನಾನಾದರೂ ನಂಬಾಂವಲ್ಲ."

ಗವಿಯಪ್ಪ ತಟ್ಟನೆ ಸೊಂಟದ ಉಡಿದಾರ ಬಿಚ್ಚಿದ. ಮರಕ್ಕೆ ಬಳ್ಳಿ ಹಬ್ಬಿದ ಹಾಗೆ ಕೋಲಿಗೆ ಅದನ್ನು ಓರೆಯಾಗಿ, ಬಿಡಿ ಬಿಡಿಯಾಗಿ ಸುತ್ತಿ ಮತ್ತೆ ನೀರಿಗಿಟ್ಟ. ಸುಳಿಗಳು ಒಂದಕ್ಕೊಂದು ಹೊಂದದೆ ಚೆಲ್ಲಾಪಿಲ್ಲಿಯಾದವು. ಸರದಿ ಕೆಟ್ಟಿತು. ವರ್ಷದ ಮೇಲೆ ಗವಿಯಪ್ಪ ಬಾಯ್ತುಂಬ ನಕ್ಕ.

ಒಂದು ಕೈಯಲ್ಲಿ ಪಂಚೆ ಹಿಡಿದುಕೊಂಡೇ ಅಂಬಿಗನ ಮನೆಗೆ ಓಡಿದ. ಅಂಬಿಗ ಆಚೆ ದಂಡೆಯ ಗಂಟು ಬಿಚ್ಚಿ ಬಂದ, ಇಬ್ಬರೂ ತಂತಿಯನ್ನು ಈಚೆ ದಂಡೆಗೆ ಎಳೆದರು. ಕೋಲಿಗೆ ಸುತ್ತಿದ ಹಾಗೇ ಉದ್ದಕ್ಕೂ ಓರೆಯಾಗಿ ನಾರಿನ ಹುರಿ ಸುತ್ತಿದರು. ಅಂಬಿಗ ತಂತಿಯ ತುದಿಯನ್ನು ಆಚೆ ದಂಡೆಗೆ ಒಯ್ದು ಮತ್ತೆ ಬಿಗಿದ.

ಮಧ್ಯಾಹ್ನ ಗೌಡ ಬಂದ. ತಂತಿ ಕಡಿಯುವವರು ಬಂದರು. ಹಿಂದೆಯೇ ಇಡೀ ಊರು ಬಂತು. ಗಾಳಿಯೂ ಎದ್ದಿತು, ಗೌಡನ ರುಮಾಲು ಹಾರಿ ಹೋಗುವಷ್ಟು. ತಂತಿ ಮಾತ್ರ ಪಿಟ್ಟೆನ್ನಲಿಲ್ಲ.

ಗೌಡ ಅದಕ್ಕೆ ಕಿವಿ ಹಚ್ಚಿದ.

"ಎಲ್ಲಿ ಹೋದಳೋ ಗವಿಯಪ್ಪ?"

"ಆಕಿ ಬಂದಿರಲೇ ಇಲ್ರೀ ಗೌಡ್ರ. ಗಾಳಿ ಸುಳಿ ಕೂಗತಿದ್ವು. ಅವುಗಳ ಸರದಿ ಕೆಡಿಸೀನಿ, ಅಷ್ಟ."

ಗೌಡ ಚಪ್ಪಲಿ ಬಿಟ್ಟು, ತಾನೇ ಮೊದಲು ಹರಿಗೋಲು ಹತ್ತಿದ. ತಂತಿ ಹಿಡಿದುಕೊಂಡು ಆಚೆ ದಂಡೆ ಮುಟ್ಟಿ ಕೈ ಬೀಸಿದ. ಆಮೇಲೆ ನಾ ಮುಂದು ತಾ ಮುಂದು ಅಂತ ಜನ ಹತ್ತಿದರು. ಬಸುರಿಯರು, ಮುದುಕರು, ಆಡಿನ ಮರಿ ಎತ್ತಿಕೊಂಡವರು, ಎಲ್ಲರೂ ದಾಟಿದರು. ಎರಡೂ ದಂಡೆಗಳಲ್ಲಿ ಕೇಕೆಯೋ ಕೇಕೆ.

ಗವಿಯಪ್ಪನ ಎದೆ ಉಬ್ಬಿತು. ಕಣ್ಣಲ್ಲಿ ನೀರೂ ಬಂತು.

"ಅಜ್ಜಾರ, ಗೆದ್ದೆ ನೋಡ್ರಿ."

"ದಂಡಿ ಮ್ಯಾಲ ನಿಂತು ಗೆದ್ದೆ ಅಂತೀಯಲ್ಲೋ," ಅಂದರು ಅಜ್ಜ. "ಹತ್ತು. ನಿಮ್ಮಕ್ಕ ಅರ್ಧಕ್ಕ ಬಿಟ್ಟ ದಾರಿ ಮುಗಿಸಿ ಬಾ."