ಸರಿದ ನಂಬರು, ಸತ್ತ ಹುಳ

ಕೊಳ್ಳೇಗಾಲದ ಕಡೆಯ ರೇಷ್ಮೆ ಸಾಕುವವರು ಇಮೇಲಿನಲ್ಲಿ ಒಂದು ಬಳಗ ಕಟ್ಟಿಕೊಂಡಿದ್ದರು. ಒಬ್ಬರು ಬರೆದರೆ ಬಳಗಕ್ಕೆಲ್ಲ ಮುಟ್ಟುತ್ತಿತ್ತು. ಹಳೆಯ ಮೇಲ್‌ಗಳನ್ನು ಸಾಲಾಗಿ ನಂಬರು ಹಾಕಿ ಕಾಪಾಡುವ ಕೆಲಸ ವಾರಿಜಾಳದು. ಕೇಳಿದ್ದನ್ನೇ ಕೇಳುವವರು ಎಲ್ಲ ಕಡೆಯೂ ಇರುತ್ತಾರಲ್ಲ, ಅಂಥವರಿಗೆ ‘ಇಂಥ ನಂಬರಿನ ಮೇಲ್ ನೋಡಿ’ ಎಂದು ಬರೆದು ಉಳಿದವರು ಕೈತೊಳೆದುಕೊಳ್ಳುತ್ತಿದ್ದರು.

ಒಂದು ದಿನ ಬಳಗದ ಹಿರಿಯ ಗುರುಮಲ್ಲಪ್ಪ ವಾರಿಜಾಳ ಮನೆಗೆ ಬಂದರು. ಹಿಂದೆ ಯಾವಾಗಲೋ ಅವರು ಪಕ್ಕದೂರಿನ ಒಬ್ಬರನ್ನು ವಾಚಾಮಗೋಚರ ಬೈದು ಬರೆದಿದ್ದರು. ಈಗ ಅವರೊಂದಿಗೇ ಬೀಗತನದ ಮಾತು ಕುದುರುತ್ತಿತ್ತು. ಆ ಮೇಲ್ ತೆಗೆದುಬಿಡು ಎಂದರು. ವಾರಿಜಾ ತೆಗೆದಳು. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ನಡುವೆ ಖಾಲಿ ಜಾಗ ಚೆನ್ನಾಗಿ ಕಾಣದೆಂದು ಉಳಿದವಕ್ಕೆಲ್ಲ ಹೊಸದಾಗಿ ನಂಬರು ಹಾಕಿದಳು. ಅಚ್ಚುಕಟ್ಟಿನ ಹುಚ್ಚು ಅಂದರೆ ಇದೇ. ಮುಂದಿನ ಮೇಲ್‌ಗಳೆಲ್ಲ ಒಂದೊಂದು ಸ್ಥಾನ ಹಿಂದೆ ಸರಿದವು. ಹಳೆಯ ಉತ್ತರಗಳ ಒಳಗೆ ಬರೆದಿದ್ದ ನಂಬರುಗಳು ಮಾತ್ರ ಹಾಗೆಯೇ ಉಳಿದವು.

ಹೊಸದಾಗಿ ಬಳಗ ಸೇರಿದ್ದ ದೊಡ್ಡತಾಯಿಯ ಮೊದಲ ಬೆಳೆಯ ರೇಷ್ಮೆ ಹುಳಗಳಿಗೆ, ಮೈ ಊದಿ ಹಾಲಿನಂಥ ರಸ ಸೋರುವ ಹಾಲುತೊಂಡೆ ರೋಗ ಬಂತು. ಅವಳು ಹಳೆಯ ಉತ್ತರವೊಂದನ್ನು ಹುಡುಕಿ, ಅದು ಹೇಳಿದ ನಂಬರನ್ನು ತೆರೆದಳು. ಹುಳಕ್ಕೆ ಬೇವಿನೆಣ್ಣೆ ಸಿಂಪಡಿಸಿ ಎಂದಿತ್ತು. ಅದು ಆ ನಂಬರಿಗೆ ಸರಿದು ಬಂದಿದ್ದ ಬೇರೆ ಮೇಲ್, ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೆಡಿಸುವ ಹುಳದ ಮಾತು. ಹೊಸಬಳಿಗೆ ಅದೆಲ್ಲಿ ಗೊತ್ತಾಗಬೇಕು? ಪುಣ್ಯಕ್ಕೆ ಮೊದಲು ಹುಳ ಸಾಕುವ ಒಂದೇ ತಟ್ಟೆಗೆ ಸಿಂಪಡಿಸಿ ನೋಡಿದಳು. ಆ ತಟ್ಟೆಯ ಹುಳಗಳೆಲ್ಲ ಸತ್ತವು.

“ಉಳುಸ್ಕೊಳ್ಳಾಕೆ ಕೇಳುದ್ರೆ ಸಾಯ್ಸಾ ಮದ್ದು ತೋರ್ಸುದ್ರಲ್ಲವ್ವ,” ಎಂದು ಫೋನಿನಲ್ಲಿ ವಾರಿಜಾಳ ಮುಂದೆ ಅತ್ತಳು.

ನಂಬರು ಸರಿದದ್ದು ವಾರಿಜಾಳಿಗೆ ಆಗ ಹೊಳೆಯಿತು. ಸರಿಯಾದ ಮೇಲ್ ಹುಡುಕಿ ತಕ್ಷಣ ಓದಿ ಹೇಳಿದಳು. ರೋಗದ ಹುಳ ಆರಿಸಿ ತೆಗೆದು, ಉಳಿದವುಗಳ ಮೇಲೆ ಸುಣ್ಣದ ಪುಡಿ ಉದುರಿಸಬೇಕಿತ್ತು. ಆಮೇಲೆ ನೇರ ಗುರುಮಲ್ಲಪ್ಪನವರ ಮನೆಗೆ ಹೋಗಿ ನಡೆದದ್ದನ್ನು ಹೇಳಿದಳು. ‘ಇಲ್ಲಿದ್ದ ಮೇಲ್ ತೆಗೆದಿದೆ’ ಎಂಬ ಒಂದು ಸಾಲನ್ನು ಆ ಜಾಗದಲ್ಲಿ ಇಟ್ಟರೆ ನಂಬರುಗಳೆಲ್ಲ ಸ್ವಸ್ಥಾನಕ್ಕೆ ಬರುತ್ತವೆ, ತಪ್ಪು ತನ್ನದೆಂದು ಬಳಗಕ್ಕೂ ಬರೆಯುತ್ತೇನೆ ಎಂದಳು.

ಅವರು ಒಪ್ಪಲಿಲ್ಲ. ಆ ಸಾಲು ಕಂಡರೆ ಏನಿತ್ತು, ಏಕೆ ತೆಗೆದರು ಎಂದು ಜನ ಕೆದಕುತ್ತಾರೆ. ಹಳೆಯದನ್ನು ಓದುವವರಾದರೂ ಯಾರು, ಹಾಗೇ ಬಿಡು ಎಂದರು.

ವಾರಿಜಾ ವಾದಕ್ಕೆ ಇಳಿಯಲಿಲ್ಲ. “ದೊಡ್ಡತಾಯಿಗೆ ಸಿಗಬೇಕಾಗಿದ್ದದ್ದು ಇದು ನೋಡಿ,” ಎಂದು ಸುಣ್ಣದ ಪುಡಿಯ ಆ ಮೇಲ್ ಅನ್ನು ಮೊಬೈಲಿನಲ್ಲಿ ತೆರೆದು ಕೊಟ್ಟಳು. ಕೆಳಗೆ ಬರೆದವರ ಹೆಸರಿತ್ತು: ಗುರುಮಲ್ಲಪ್ಪ.

ಅವರು ಅದನ್ನು ಪೂರ್ತಿ ಓದಿದರು. ಬೈಗುಳ ಮುಚ್ಚಲು ಹೋಗಿ ತಮ್ಮ ಒಳ್ಳೆಯ ಮಾತನ್ನೇ ದೊಡ್ಡತಾಯಿಗೆ ಸಿಗದಂತೆ ತಪ್ಪಿಸಿಬಿಟ್ಟಿದ್ದರು.

“ಬೇಗ ಹಾಕವ್ವ ಆ ಸಾಲ್ನ,” ಎಂದರು. “ಇನ್ನೊಬ್ಬರ ತಟ್ಟೆ ಹೋಗಾದು ಬ್ಯಾಡ.”

ನೀತಿ: ಆಡಿದ ಕೆಟ್ಟ ಮಾತನ್ನು ತೆಗೆಯಬಹುದು; ತೆಗೆದದ್ದನ್ನೇ ಮುಚ್ಚಿಡಬಾರದು. ಮುಚ್ಚಿಟ್ಟರೆ ನಮ್ಮ ಒಳ್ಳೆಯ ಮಾತೂ ಬೇಕಾದವರ ಕೈಗೆ ಸಿಗುವುದಿಲ್ಲ.