ಬಿಗಿದ ಕನ್ನಡಿ

"ಬುದ್ಧೀ, ತಿದ್ದಿ ತಿದ್ದಿ ಸಾಕಾಗಿದೆ. ಇನ್ನೂ ಎಷ್ಟು ದಿನ ತಿದ್ದಬೇಕು?" ಎಂದು ಶಂಭುಲಿಂಗ ಗುರುಗಳನ್ನು ಕೇಳಿದ.

ತೀರಿಹೋದ ಅಣ್ಣನ ಮಗಳು ಗಂಗಾಂಬಿಕೆಯನ್ನು ಅವನು ಹನ್ನೊಂದು ವರ್ಷದಿಂದ ಸಾಕುತ್ತಿದ್ದ. ಕೂತರೆ ಒಂದು ಮಾತು, ನಿಂತರೆ ಒಂದು ಮಾತು ಹೇಳಿಯೇ ಬೆಳೆಸಿದ್ದ. ಈಗ ಅವಳಿಗೆ ಹತ್ತೊಂಬತ್ತು. ಎರಡು ತಿಂಗಳಿಂದ ಚಿಕ್ಕಪ್ಪನೊಡನೆ ಮಾತು ಬಿಟ್ಟಿದ್ದಳು. ನಾಳೆಯೇ ಅವಳನ್ನು ಸೋದರಮಾವನ ಮನೆಗೆ ಕಳುಹಿಸಿ ಕೈ ತೊಳೆದುಕೊಳ್ಳುವುದೆಂದು ಅವನು ನಿರ್ಧರಿಸಿದ್ದ. ಆದರೂ ಮನಸ್ಸು ಒಪ್ಪದೆ ಮಠಕ್ಕೆ ಬಂದಿದ್ದ. ಅಳು ಬರುವಷ್ಟು ದಣಿದಿದ್ದ.

ಗುರುಗಳು ಅವನಿಗೆ ಕೂರಲು ಹೇಳಿ ಕತೆ ತೆಗೆದರು.

ಒಬ್ಬ ಗಡಿಯಾರ ರಿಪೇರಿಯವನಿದ್ದ. ನಕ್ಷತ್ರ ನೋಡುವ ಹುಚ್ಚು ಹತ್ತಿ, ಮನೆಯಲ್ಲೇ ದೂರದರ್ಶಕ ಮಾಡಲು ಹೊರಟ. ಊಟದ ತಟ್ಟೆಯಗಲದ ದಪ್ಪ ಗಾಜನ್ನು ಆರು ತಿಂಗಳು ಉಜ್ಜಿ, ಬೆಳ್ಳಿಯ ಲೇಪ ಕೊಟ್ಟು, ನಕ್ಷತ್ರದ ಬೆಳಕು ಹಿಡಿಯುವ ಕನ್ನಡಿ ಮಾಡಿದ. ದೂರದರ್ಶಕದ ಕೊಳವೆಯ ತಳದಲ್ಲಿ ಮೆತ್ತನೆಯ ಪೀಠ ಮಾಡಿ ಅದರ ಮೇಲೆ ಕೂರಿಸಿದ. ಅಂಚಿಗೆ ಮೂರು ಕ್ಲಿಪ್ಪು ಹಾಕಿದ. ಗಡಿಯಾರದವನ ಕೈ ನೋಡು, ಸಡಿಲ ಸ್ಕ್ರೂ ಕಂಡರೆ ಅವನಿಗೆ ಊಟ ಸೇರದು. ಮೂರು ಕ್ಲಿಪ್ಪಿನ ಸ್ಕ್ರೂಗಳನ್ನೂ ಇನ್ನು ತಿರುಗದು ಎನ್ನುವವರೆಗೆ ಬಿಗಿದ.

ಆಕಾಶಕ್ಕೆ ತಿರುಗಿಸಿ ನೋಡಿದ. ಚುಕ್ಕೆಯಂತೆ ಕಾಣಬೇಕಾದ ನಕ್ಷತ್ರ ಮೂರು ಮೂಲೆಯಾಗಿ ಕಂಡಿತು. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಈ ಪುಣ್ಯಾತ್ಮ ಗಾಜು ಡೊಂಕೆಂದ. ಕನ್ನಡಿ ಬಿಚ್ಚಿ, ಬೆಳ್ಳಿ ತೆಗೆದು, ಮತ್ತೆ ಉಜ್ಜಿದ. ಮತ್ತೆ ಲೇಪ ಕೊಟ್ಟು, ಮತ್ತೆ ಕೂರಿಸಿ, ಮೊದಲಿಗಿಂತ ಹೆಚ್ಚಾಗಿ ಬಿಗಿದ. ಮತ್ತೆ ಅದೇ ಮೂರು ಮೂಲೆ. ಹೀಗೆ ಮೂರು ವರ್ಷ ಕಳೆಯಿತು. ಬೆರಳು ಸವೆದವು, ಬೆನ್ನು ಬಾಗಿತು, ಗಿರಾಕಿಗಳು ಬೇರೆ ಅಂಗಡಿ ನೋಡಿಕೊಂಡರು. ಕೊನೆಗೆ "ಹಾಳು ಗಾಜು" ಎಂದು ಶಪಿಸಿ, ಗುಜರಿಗೆ ಹಾಕಲು ಕೊಳವೆಸಮೇತ ತಂದು ಬಾಗಿಲಲ್ಲಿಟ್ಟ.

ಪಕ್ಕದ ಬೀದಿಯಲ್ಲಿ ಕನ್ನಡಕಕ್ಕೆ ಗಾಜು ಕೂರಿಸುವ ಒಬ್ಬ ಮುದುಕಿಯಿದ್ದಳು. ದಾರಿಯಲ್ಲಿ ಹೋಗುತ್ತಿದ್ದವಳು ನಿಂತು, ಕೊಳವೆಯ ತಳಕ್ಕೆ ಇಣುಕಿ, ಕ್ಲಿಪ್ಪುಗಳನ್ನು ಮುಟ್ಟಿ ನೋಡಿದಳು.

"ಇದರ ಕತ್ತು ಯಾಕಪ್ಪಾ ಹಿಸುಕಿದ್ದೀಯ? ಗಾಜು ಗಟ್ಟಿ ಅನ್ಕೊಂಡ್ಯಾ? ಒತ್ತಿದ್ರೆ ಅದೂ ಬಾಗುತ್ತೆ. ಒಂದು ಕಾಗದ ತೂರೋಷ್ಟು ಜಾಗ ಬಿಡು."

"ಬಿಟ್ರೆ ಬಿದ್ದುಹೋಗಲ್ವೇನಮ್ಮಾ?"

"ಅದನ್ನ ಹೊತ್ತಿರೋದು ಕೆಳಗಿನ ಪೀಠ. ನಿನ್ನ ಕ್ಲಿಪ್ಪು ಇರೋದು ಜಾರಿದಾಗ ತಡೆಯೋಕೆ, ಅಷ್ಟೆ."

ಅವನು ಸಡಿಲಿಸಿದ. ಅಂದು ಕತ್ತಲಾದ ಮೇಲೆ ನೋಡಿದರೆ ನಕ್ಷತ್ರ ಸಾಸಿವೆಕಾಳಿನಷ್ಟು ಗುಂಡಗೆ ನಿಂತಿತ್ತು. ಅವನಿಗೆ ಖುಷಿಯಾಗಲಿಲ್ಲ. ಕಳೆದ ಮೂರು ವರ್ಷ ನೆನೆದು ಅಲ್ಲೇ ಕುಸಿದು ಕೂತ.

ಗುರುಗಳು ಕತೆ ನಿಲ್ಲಿಸಿದರು. ಶಂಭುಲಿಂಗನಿಗೆ ಆ ಗಡಿಯಾರದವನ ಮೇಲೆ ಕನಿಕರ ಉಕ್ಕಿತು. ಆ ಸವೆದ ಬೆರಳು, ಆ ಬಾಗಿದ ಬೆನ್ನು ತನ್ನವೇ ಅನ್ನಿಸಿದವು.

"ಪಾಪ, ಎಷ್ಟು ದಣಿದಿದ್ದನೋ ಬುದ್ಧೀ!" ಎಂದ.

ಗುರುಗಳು ಕೇಳಿದರು:

"ಏನೂ ತಪ್ಪಿಲ್ಲದೆ ಮೂರು ವರ್ಷ ಉಜ್ಜಿಸಿಕೊಂಡ ಗಾಜನ್ನು, 'ನಿನಗೆಷ್ಟು ದಣಿವಾಯಿತು' ಎಂದು ಯಾರು ಕೇಳಿದರಪ್ಪ?"